ಖಾಲಿ ಪೆಟ್ಟಿಗೆಯ ಸಾಕ್ಷಿ

2024ರ ನವೆಂಬರ್ 20ರಂದು ಪ್ಯಾರಿಸ್ ನಗರದ ಕೋನ್ಯಾಕ್-ಜೇ ವಸ್ತುಸಂಗ್ರಹಾಲಯಕ್ಕೆ ಹಾಡಹಗಲೇ ಕೊಡಲಿ ಹಿಡಿದ ಕಳ್ಳರು ನುಗ್ಗಿದರು. ಪ್ರದರ್ಶನ ನೋಡಲು ಬಂದಿದ್ದ ಜನರ ಎದುರಿನಲ್ಲೇ ಗಾಜಿನ ಕಪಾಟು ಒಡೆದು ಏಳು ಡಬ್ಬಿಗಳನ್ನು ಹೊತ್ತುಕೊಂಡು ಹೋದರು. ಅಂಗೈಯಲ್ಲಿ ಅಡಗಿಸಿಕೊಳ್ಳಬಹುದಾದಷ್ಟು ಸಣ್ಣ ಡಬ್ಬಿಗಳು ಅವು. 18ನೇ ಶತಮಾನದ ಯೂರೋಪಿನ ಸಿರಿವಂತರು ನಶ್ಯ ಇಟ್ಟುಕೊಳ್ಳಲು ಮಾಡಿಸಿಕೊಂಡಿದ್ದ ಇಂಥ ಡಬ್ಬಿಗಳಲ್ಲಿ ಕೆಲವನ್ನು ಲೂವ್ರ್‌ನಿಂದಲೂ ಬ್ರಿಟನ್ನಿನ ರಾಜಸಂಗ್ರಹದಿಂದಲೂ ಎರವಲು ತರಲಾಗಿತ್ತು. ಏಳರಲ್ಲಿ ಐದು ಆಮೇಲೆ ಸಿಕ್ಕವು. ಇದಕ್ಕೂ ಮೊದಲು, 2003ರ ಜೂನ್‌ನಲ್ಲಿ, ಇಂಗ್ಲೆಂಡಿನ ವಾಡೆಸ್ಡನ್ ಬಂಗಲೆಯಿಂದ ನೂರಕ್ಕೂ ಹೆಚ್ಚು ಚಿನ್ನದ ಡಬ್ಬಿಗಳು ಕೆಲವೇ ನಿಮಿಷಗಳಲ್ಲಿ ಕಳುವಾಗಿದ್ದವು. ಅವುಗಳಲ್ಲಿ ಹೆಚ್ಚಿನವು ಫ್ರೆಂಚ್ ಕೆಲಸ.

ಈ ಸುದ್ದಿಗಳನ್ನು ಓದುವಾಗ ಒಂದು ಸಂಗತಿ ಮನಸ್ಸಿಗೆ ತಟ್ಟುತ್ತದೆ. ಕಳ್ಳರು ಕದ್ದದ್ದು ಖಾಲಿ ಡಬ್ಬಿಗಳನ್ನು. ಒಳಗೆ ಏನೂ ಇರಲಿಲ್ಲ. ಸಾಮಾನ್ಯವಾಗಿ ಕಳ್ಳ ಪೆಟ್ಟಿಗೆ ಒಡೆದು ಒಡವೆ ತೆಗೆದುಕೊಳ್ಳುತ್ತಾನೆ, ಪೆಟ್ಟಿಗೆಯನ್ನು ಬೇಲಿಯ ಮರೆಗೆ ಎಸೆದು ಹೋಗುತ್ತಾನೆ. ಇಲ್ಲಿ ಎಲ್ಲವೂ ತಿರುವುಮುರುವು. ಒಡವೆ ಯಾವಾಗಲೋ ಹೋಗಿದೆ, ಅದನ್ನು ತೊಟ್ಟವರು ಮಣ್ಣಾಗಿದ್ದಾರೆ. ಉಳಿದಿರುವ ಪೆಟ್ಟಿಗೆಯೇ ಒಡವೆಯಾಗಿದೆ. ಕಳ್ಳ, ಹರಾಜಿನವನು, ಸಂಗ್ರಾಹಕ, ವಸ್ತುಸಂಗ್ರಹಾಲಯ ಎಲ್ಲರಿಗೂ ಅದೇ ಬೇಕು. ಹಳೆಯ ಫ್ರೆಂಚ್ ಎನಾಮಲ್ ಒಡವೆ ಪೆಟ್ಟಿಗೆಗಳ ಸಂಗ್ರಹ ಎಂಬ ಹವ್ಯಾಸವನ್ನು ಈ ತಿರುವುಮುರುವಿನ ಕಡೆಯಿಂದ ನೋಡುವುದು ನನ್ನ ಉದ್ದೇಶ.

ಮೊದಲು ವಸ್ತುವನ್ನು ತಿಳಿದುಕೊಳ್ಳೋಣ. ಎನಾಮಲ್ ಎಂದರೆ ಲೋಹದ ಮೇಲೆ ಕರಗಿಸಿ ಕೂರಿಸಿದ ಗಾಜು. ಒಂದು ಕಾಲಕ್ಕೆ ನಮ್ಮ ಮನೆಗಳಲ್ಲೆಲ್ಲ ಇದ್ದ ಬಿಳಿಯ ಎನಾಮಲ್ ತಟ್ಟೆ, ಬಟ್ಟಲುಗಳ ಹಿಂದಿರುವ ತತ್ವವೂ ಇದೇ, ಜಯಪುರದ ಮೀನಾಕಾರಿ ಒಡವೆಯ ತತ್ವವೂ ಇದೇ. ಗಾಜನ್ನು ಪುಡಿ ಮಾಡಿ, ನೀಲಿಗೆ ಕೋಬಾಲ್ಟ್, ಹಸಿರಿಗೆ ತಾಮ್ರ, ಗುಲಾಬಿಗೆ ಚಿನ್ನ ಹೀಗೆ ಲೋಹದ ಅಂಶ ಬೆರೆಸಿ, ಸುಮಾರು 700ರಿಂದ 850 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿ ಸುಡುತ್ತಾರೆ. ಒಂದೊಂದು ಬಣ್ಣಕ್ಕೂ ಒಂದೊಂದು ಹದ. ಹೆಚ್ಚು ಶಾಖ ಬೇಡುವ ಬಣ್ಣ ಮೊದಲು, ಕಡಿಮೆ ಶಾಖದ್ದು ಕೊನೆಗೆ. ತಾಮ್ರದ ತೆಳು ತಗಡಿನ ಒಂದೇ ಮಗ್ಗುಲಿಗೆ ಗಾಜು ಹಾಕಿದರೆ ಆರುವಾಗ ತಗಡು ಬಾಗಿ ಗಾಜು ಬಿರಿಯುತ್ತದೆ. ಆದ್ದರಿಂದ ಯಾರ ಕಣ್ಣಿಗೂ ಬೀಳದ ಹಿಂಬದಿಗೂ ಎನಾಮಲ್ ಬಳಿಯಬೇಕು. ಕಾಣುವ ಚೆಲುವಿಗೆ ಕಾಣದ ಬೆನ್ನು ಆಸರೆ.

ಫ್ರಾನ್ಸಿನಲ್ಲಿ ಈ ಕಸುಬಿನ ತವರು ಲಿಮೋಜ್ ಪಟ್ಟಣ. 12ನೇ ಶತಮಾನದಲ್ಲಿ ಅಲ್ಲಿಯ ಕುಶಲಕರ್ಮಿಗಳು ತಾಮ್ರವನ್ನು ಕೊರೆದು ಗುಳಿ ಮಾಡಿ, ಗುಳಿಯಲ್ಲಿ ಬಣ್ಣದ ಗಾಜು ತುಂಬುತ್ತಿದ್ದರು. ಇದಕ್ಕೆ 'ಶಾಂಪ್ಲೆವೆ' ಎಂದು ಹೆಸರು. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ 1170ರಲ್ಲಿ ಕೊಲೆಯಾದ ಬಳಿಕ, ಅವರ ಪವಿತ್ರ ಅವಶೇಷಗಳನ್ನು ಇಡಲು ಲಿಮೋಜ್‌ನಲ್ಲಿ ತಯಾರಾದ ಪೆಟ್ಟಿಗೆಗಳಲ್ಲಿ ನಲವತ್ತಕ್ಕೂ ಹೆಚ್ಚು ಈಗಲೂ ಉಳಿದಿವೆ. 16ನೇ ಶತಮಾನಕ್ಕೆ ಬರುವಾಗ ಗುಳಿ ತೋಡುವ ಪದ್ಧತಿ ಹೋಗಿ, ತಾಮ್ರದ ತಗಡಿನ ಮೇಲೆ ಚಿತ್ರ ಬರೆದಂತೆ ಎನಾಮಲ್ ಬರೆಯುವ ಪದ್ಧತಿ ಬಂತು. ಅಂಥ ಫಲಕಗಳನ್ನು ಮರದ ಗೂಡಿಗೆ ಜೋಡಿಸಿ ಚಿನ್ನದ ನೀರು ಕೊಟ್ಟ ಲೋಹದ ಕಟ್ಟು ಹಾಕಿದರೆ ಒಡವೆ ಪೆಟ್ಟಿಗೆ. ಮದುವೆಯ, ಪ್ರೇಮದ ಉಡುಗೊರೆಯಾಗಿಯೂ ಅವು ಹೋಗುತ್ತಿದ್ದವು. ಮೂರನೇ ನೆಪೋಲಿಯನ್ನನ ಕಾಲದಲ್ಲಿ, ಎಂದರೆ 1852ರಿಂದ 1870ರವರೆಗೆ, ಹಿತ್ತಾಳೆಯ ಚೌಕಟ್ಟು, ಮುಚ್ಚಳದ ಮೇಲೆ ಎನಾಮಲ್ ಚಿತ್ರ, ಒಳಗೆ ರೇಷ್ಮೆಯ ಅಥವಾ ಮಖಮಲ್ಲಿನ ಅಸ್ತರು ಇರುವ ಪೆಟ್ಟಿಗೆಗಳು ಪ್ಯಾರಿಸ್‌ನ ಅಂಗಡಿಗಳಲ್ಲಿ ಧಾರಾಳವಾಗಿ ಮಾರಾಟವಾದವು. ಇಂದು ಸಾಮಾನ್ಯ ಸಂಗ್ರಾಹಕರ ಕೈಗೆ ಬರುವುದು ಬಹುತೇಕ ಇವೇ.

ಹೊರಗಿನವರಿಗೆ ಇದೆಲ್ಲ ಹಣವಂತರ ಗೀಳು ಎಂದು ಕಾಣಬಹುದು. ಕುರ್‌ಆನಿನ 102ನೇ ಅಧ್ಯಾಯದ ಹೆಸರೇ 'ತಕಾಸುರ್', ಅಂದರೆ ಕೂಡಿಡುವ ಪೈಪೋಟಿ. ಆ ಹೆಸರನ್ನು ನೆನೆದು ಸಂಗ್ರಾಹಕರನ್ನೆಲ್ಲ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಆದರೆ ಅದು ನ್ಯಾಯವಾಗಲಾರದು. ಫ್ರೆಂಚ್ ಕ್ರಾಂತಿಯ ಹೊತ್ತಿಗೆ ಲಿಮೋಜ್ ಸಮೀಪದ ಗ್ರಾನ್‌ಮೋಂ ಮಠದ ಭಂಡಾರ ಚದುರಿಹೋಯಿತು. ಅಲ್ಲಿಯ ಮಹಾವೇದಿಕೆಯ ಎನಾಮಲ್ ಕೆಲಸ ತಾಮ್ರದ ಬೆಲೆಗೆ ಮಾರಾಟವಾಗಿ ಕರಗಿಹೋಯಿತು. ಆ ಕಾಲಕ್ಕೆ ಇಂಥವು ಯಾರಿಗೂ ಬೇಡದ ಹಳೆಯ ತಗಡು. ಅಲೆಕ್ಸಾಂಡ್ರ್ ದ್ಯು ಸೊಮ್ಮೆರಾರ್ ಎಂಬ ಹುಚ್ಚು ಸಂಗ್ರಾಹಕ ಇಂಥ ಮಧ್ಯಯುಗದ ವಸ್ತುಗಳನ್ನು ಹೆಕ್ಕಿ ಹೆಕ್ಕಿ ಪ್ಯಾರಿಸ್‌ನ ಕ್ಲೂನಿ ಮನೆಯಲ್ಲಿ ತುಂಬಿಸಿಟ್ಟ. ಅವನು ತೀರಿಕೊಂಡ ಮೇಲೆ 1843ರಲ್ಲಿ ಸರಕಾರ ಅದನ್ನು ಕೊಂಡು ವಸ್ತುಸಂಗ್ರಹಾಲಯ ಮಾಡಿತು. ವಿದ್ವಾಂಸರು ಕಣ್ಣು ತೆರೆಯುವ ಮುಂಚೆ ಸಂಗ್ರಾಹಕ ಕೈ ಚಾಚಿದ್ದ. ಈ ಋಣವನ್ನು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕು.

ಸಂಗ್ರಾಹಕನ ಕಣ್ಣು ಪಳಗುವ ರೀತಿಯೂ ಗೌರವಕ್ಕೆ ಅರ್ಹವಾದದ್ದೇ. ಅವನು ಮುಚ್ಚಳದ ಚಿತ್ರವನ್ನು ಕೊನೆಗೆ ನೋಡುತ್ತಾನೆ. ಮೊದಲು ಬಿಜಾಗರಿ, ಬೀಗ, ತಿರುಪು. ಆಮೇಲೆ ಫಲಕದ ಅಂಚು, ಹಿಂಬದಿಯ ಎನಾಮಲ್. ಬಿರುಕಿನಲ್ಲಿ ಅಂಟು ತುಂಬಿ ಬಣ್ಣ ಹಚ್ಚಿದ್ದರೆ ನೇರಳಾತೀತ ದೀಪದ ಕೆಳಗೆ ಅದು ಬೇರೆಯೇ ಹೊಳಪಿನಲ್ಲಿ ಸಿಕ್ಕಿಬೀಳುತ್ತದೆ. ಕ್ರೋಮಿಯಂ ಎಂಬ ಧಾತುವನ್ನು ಫ್ರೆಂಚ್ ರಸಾಯನಶಾಸ್ತ್ರಜ್ಞ ವೋಕ್ಲಾಂ ಕಂಡುಹಿಡಿದದ್ದು 1797ರಲ್ಲಿ. 16ನೇ ಶತಮಾನದ್ದೆಂದು ಹೇಳುವ ಪೆಟ್ಟಿಗೆಯ ಹಸಿರಿನಲ್ಲಿ ಕ್ರೋಮಿಯಂ ಇದ್ದರೆ ಆ ಹಸಿರು ಸುಳ್ಳು ಹೇಳುತ್ತಿದೆ ಎಂದೇ ಅರ್ಥ. ಲಿಮೋಜ್ ಎಂಬ ಹೆಸರು ಕಂಡೊಡನೆ ಮರುಳಾಗುವವರು ಅಲ್ಲಿಯದೇ ಪಿಂಗಾಣಿಯ ಡಬ್ಬಿಯನ್ನು ಎನಾಮಲ್ ಎಂದು ತಿಳಿದು ಮೋಸಹೋಗುತ್ತಾರೆ. ಆ ಪಿಂಗಾಣಿ ಉದ್ಯಮ ಶುರುವಾದದ್ದೇ 18ನೇ ಶತಮಾನದ ಉತ್ತರಾರ್ಧದಲ್ಲಿ, ಹತ್ತಿರದಲ್ಲಿ ಬಿಳಿಯ ಜೇಡಿ ಸಿಕ್ಕ ಮೇಲೆ. ಇಷ್ಟು ಸೂಕ್ಷ್ಮವಾಗಿ ಒಂದು ವಸ್ತುವನ್ನು ನೋಡುವವರು ಇಂದಿನ ದಿನಗಳಲ್ಲಿ ಎಷ್ಟು ಮಂದಿ?

ನನ್ನ ತಕರಾರು ಇರುವುದು ಈ ಕಣ್ಣಿನ ಬಗ್ಗೆ ಅಲ್ಲ, ಅದು ಎಲ್ಲಿ ನಿಂತುಬಿಡುತ್ತದೆ ಎಂಬುದರ ಬಗ್ಗೆ. ಇಷ್ಟೆಲ್ಲ ನೋಡಿದ ಮೇಲೆ ಸಂಗ್ರಾಹಕ ಕೇಳುವ ಪ್ರಶ್ನೆ ಒಂದೇ: ಇದು ಅಸಲಿಯೋ ನಕಲಿಯೋ? ಅಸಲಿ ಎಂದಾದರೆ ಬೆಲೆ, ನಕಲಿ ಎಂದಾದರೆ ತಿರಸ್ಕಾರ.

ಅಸಲಿಯ ಈ ಹಂಬಲ ಎಷ್ಟು ದುರ್ಬಲವಾದ ನೆಲದ ಮೇಲೆ ನಿಂತಿದೆ ಎಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆ ಇದೆ. ಅದು ಒಡವೆಯ ಪೆಟ್ಟಿಗೆಯಲ್ಲ, ಯೇಸುವಿನ ಮುಳ್ಳಿನ ಕಿರೀಟದ್ದೆಂದು ನಂಬಲಾದ ಒಂದು ಮುಳ್ಳನ್ನು ಇಡಲು ಸುಮಾರು 1400ರಲ್ಲಿ ಪ್ಯಾರಿಸ್‌ನಲ್ಲಿ ಮಾಡಿದ ಚಿನ್ನ, ಎನಾಮಲ್‌ಗಳ ಕರಂಡಕ. ಅದು ವಿಯೆನ್ನಾದ ರಾಜಭಂಡಾರದಲ್ಲಿತ್ತು. 1860ರ ದಶಕದಲ್ಲಿ ಅದನ್ನು ದುರಸ್ತಿಗೆಂದು ಸಾಲೊಮನ್ ವೈನಿಂಗರ್ ಎಂಬ ಕುಶಲಕರ್ಮಿಗೆ ಕೊಟ್ಟರು. ಅವನು ನಕಲು ತಯಾರಿಸಿ ಅದನ್ನು ಭಂಡಾರಕ್ಕೆ ಹಿಂದಿರುಗಿಸಿದ, ಅಸಲಿಯನ್ನು ತನ್ನಲ್ಲೇ ಇಟ್ಟುಕೊಂಡ. ಅದು ರಾಥ್‌ಶೀಲ್ಡ್ ಮನೆತನದ ಕೈಸೇರಿ 1898ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಯಿತು. ಅಸಲಿ ಲಂಡನ್ನಿನಲ್ಲಿದೆ, ವಿಯೆನ್ನಾದಲ್ಲಿರುವುದು ನಕಲಿ ಎಂದು ಖಚಿತವಾಗಿದ್ದು 1959ರಲ್ಲಿ. ಬೇರೆ ನಕಲಿಗಳ ಅಪರಾಧಕ್ಕೆ ಸಿಕ್ಕಿಬಿದ್ದ ವೈನಿಂಗರ್ 1879ರಲ್ಲೇ ಜೈಲಿನಲ್ಲಿ ಸತ್ತಿದ್ದ. ಸುಮಾರು ನೂರು ವರ್ಷ ವಿಯೆನ್ನಾದಲ್ಲಿ ಜನ ನಕಲಿಯ ಮುಂದೆಯೇ ನಿಂತು ಮೈಮರೆತರು. ಅವರು ಕಂಡ ಚೆಲುವು ಸುಳ್ಳೇ?

ಇನ್ನೊಂದು ತಮಾಷೆ ನೋಡಿ. 1845ರಲ್ಲಿ ಪ್ಯಾರಿಸ್‌ನಲ್ಲಿ ಎಡ್ಮೆ ಸಾಂಸೋ ಶುರು ಮಾಡಿದ ಕಾರ್ಖಾನೆ ಹಳೆಯ ಪಿಂಗಾಣಿ, ಎನಾಮಲ್ ವಸ್ತುಗಳ ಪ್ರತಿಕೃತಿಗಳಿಗೆ ಹೆಸರಾಗಿತ್ತು. ಅದು ಅಸಲಿ ಸಂಗ್ರಾಹಕರನ್ನು ಕಾಡಿದ್ದು ಅಷ್ಟಿಷ್ಟಲ್ಲ. ಈಗ ಆ ಪ್ರತಿಕೃತಿಗಳಿಗೂ ನೂರು ವರ್ಷ ಕಳೆದು, 'ಅಸಲಿ ಸಾಂಸೋ' ಎಂದು ಹುಡುಕುವ ಸಂಗ್ರಾಹಕರು ಹುಟ್ಟಿದ್ದಾರೆ. ಅಂದರೆ ಅಸಲಿ ಎಂಬುದು ವಸ್ತುವಿನ ಗುಣವಷ್ಟೇ ಅಲ್ಲ, ನಾವು ಕೇಳುವ ಪ್ರಶ್ನೆಯ ಗುಣವೂ ಹೌದು.

ಈ ಪ್ರಶ್ನೆಯೊಂದನ್ನೇ ಹಿಡಿದು ಕೂತರೆ ಮರೆಯಾಗುವುದು ಮನುಷ್ಯರು. ಮಾಡಿದವರು ಮೊದಲು ಮರೆಯಾಗುತ್ತಾರೆ. 1600ರ ಆಸುಪಾಸಿನಲ್ಲಿ ಲಿಮೋಜ್‌ನಲ್ಲಿ ಸುಜಾನ್ ಕೂರ್ ಎಂಬ ಹೆಣ್ಣುಮಗಳು ತನ್ನ ಎನಾಮಲ್ ಕೆಲಸಕ್ಕೆ ತನ್ನ ಹೆಸರನ್ನು ಬರೆದಳು. ಹಾಗೆ ಹೆಸರು ಉಳಿಸಿಹೋದ ಹೆಂಗಸರು ಆ ಕಸುಬಿನಲ್ಲಿ ಅಪರೂಪ. ಒಡವೆ ಪೆಟ್ಟಿಗೆ ಹೆಣ್ಣಿನ ವಸ್ತು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಸಂಗ್ರಹಗಳು ಪ್ರಸಿದ್ಧವಾಗುವುದು ಕೊಂಡ ಶ್ರೀಮಂತರ ಹೆಸರಿನಲ್ಲಿ. ಹರಾಜಿನ ಕ್ಯಾಟಲಾಗಿನಲ್ಲಿ ಹೆಣ್ಣು ಕಾಣಿಸಿಕೊಂಡರೆ 'ಒಬ್ಬ ಮಹಿಳೆಯ ಸ್ವತ್ತು' ಎಂಬ ಹೆಸರಿಲ್ಲದ ಒಂದು ಸಾಲಾಗಿ ಮಾತ್ರ.

'ಫ್ರೆಂಚ್' ಎಂಬ ಹಣೆಪಟ್ಟಿಯ ಒಳಗೂ ಹೀಗೆಯೇ ಹಲವರು ಅಡಗಿದ್ದಾರೆ. ಲೂವ್ರ್‌ನಲ್ಲಿ ಸುಮಾರು 1200ರ ಕಾಲದ, ಕ್ರೈಸ್ತರ ಪವಿತ್ರ ರೊಟ್ಟಿ ಇಡುವ ಮುಚ್ಚಳದ ಪಾತ್ರೆಯೊಂದಿದೆ. ಲಿಮೋಜ್‌ನ ಆಲ್ಪೈ ಎಂಬ ಕುಶಲಿ ಅದರ ಮೇಲೆ ತನ್ನ ಹೆಸರು ಕೆತ್ತಿದ್ದಾನೆ. ಅದರ ಕಂಠದ ಸುತ್ತ ಅರಬಿಯ ಕೂಫೀ ಲಿಪಿಯನ್ನು ಹೋಲುವ ಅಕ್ಷರಗಳ ಪಟ್ಟಿ ಇದೆ. ಓದಲು ಹೋದರೆ ಅರ್ಥವಿಲ್ಲ. ಆ ಕುಶಲಿಗೆ ಅರಬಿ ಬರುತ್ತಿರಲಿಲ್ಲ, ಆದರೆ ಆ ಅಕ್ಷರಗಳ ಚೆಲುವು ತಿಳಿದಿತ್ತು. ಕ್ರೂಸೇಡುಗಳ ಕಾಲದಲ್ಲಿ ಶತ್ರುಗಳ ಲಿಪಿ ಇಗರ್ಜಿಯ ಪಾತ್ರೆಗೆ ಹಾರವಾಯಿತು! ಆರುನೂರು ವರ್ಷಗಳ ನಂತರ ಯೂರೋಪಿನ ಎನಾಮಲ್ ಕಸುಬುದಾರರು ಉಸ್ಮಾನಿ ತುರ್ಕಿಯ ಗಿರಾಕಿಗಳಿಗಾಗಿ ಮನುಷ್ಯರ ಚಿತ್ರ ಬಿಟ್ಟು ಹೂವು, ಹಣ್ಣು, ಬಾಸ್ಫರಸ್ ತೀರದ ನೋಟಗಳನ್ನು ಡಬ್ಬಿ, ಗಡಿಯಾರಗಳ ಮೇಲೆ ಬರೆದುಕೊಟ್ಟರು. ಕ್ಯಾಟಲಾಗಿನ ಎರಡಕ್ಷರದ 'ಫ್ರೆಂಚ್' ಎಂಬ ಪದಕ್ಕೆ ಈ ಕೊಡುಕೊಳೆ ಯಾವುದೂ ಗೊತ್ತಿಲ್ಲ.

ಮಾಡಿದವರ ಬಳಿಕ ಬಳಸಿದವರು ಮರೆಯಾಗುತ್ತಾರೆ. ಅಸ್ತರಿನ ಮಖಮಲ್ಲು ಒಂದು ಮೂಲೆಯಲ್ಲಿ ಸವೆದಿದ್ದರೆ ಯಾರದೋ ಬಳೆ ದಿನಾ ಅಲ್ಲೇ ಕೂರುತ್ತಿತ್ತು ಎಂದರ್ಥ. ಬೀಗದ ಸುತ್ತ ಗೀರುಗಳಿದ್ದರೆ ಅವಸರದ ಕೈ, ಇಲ್ಲವೇ ಮುದಿ ಕಣ್ಣು. ಕತೆ ಬರೆಯುವವರಿಗೆ ಇವು ಕತೆಯ ಮೊದಲ ಸಾಲುಗಳು. ಸಂಗ್ರಾಹಕರ ಭಾಷೆಯಲ್ಲಿ ಇವೆಲ್ಲ 'ದೋಷ', ಬೆಲೆ ಇಳಿಸುವ ಕಾರಣ. ಯಾರೂ ಮುಟ್ಟದ, ಯಾರೂ ತೆರೆಯದ ಪೆಟ್ಟಿಗೆಗೆ ಅತಿ ಹೆಚ್ಚಿನ ಬೆಲೆ. ಒಂದು ವಸ್ತು ಬಾಳಿದ ಬಾಳನ್ನೇ ಅದರ ಕೊರತೆ ಎಂದು ಎಣಿಸುವ ಅಭಿರುಚಿಯನ್ನು ನಾನು ಒಪ್ಪಲಾರೆ.

ಇಲ್ಲಿಯವರೆಗಿನದು ಅಭಿರುಚಿಯ ಜಗಳವಾಯಿತು. ಮುಂದಿನದು ನ್ಯಾಯದ ಮಾತು.

ಮೊಯೀಸ್ ದ ಕಾಮಾಂಡೊ 1860ರಲ್ಲಿ ಇಸ್ತಾಂಬುಲಿನಲ್ಲಿ ಹುಟ್ಟಿದ ಯಹೂದಿ. ಉಸ್ಮಾನಿ ಸಾಮ್ರಾಜ್ಯದ ದೊಡ್ಡ ಸಾಹುಕಾರ ಮನೆತನ. ಪ್ಯಾರಿಸ್‌ಗೆ ಬಂದು ನೆಲೆಸಿ, 18ನೇ ಶತಮಾನದ ಫ್ರೆಂಚ್ ಪೀಠೋಪಕರಣ, ಬೆಳ್ಳಿ, ಪಿಂಗಾಣಿಗಳನ್ನು ಫ್ರೆಂಚರಿಗಿಂತ ಹೆಚ್ಚು ಪ್ರೀತಿಯಿಂದ ಸಂಗ್ರಹಿಸಿದರು. ಎನಾಮಲ್ ಡಬ್ಬಿಗಳನ್ನು ಜನ ಬೆನ್ನಟ್ಟುವುದೂ ಇದೇ ಅಭಿರುಚಿಯಿಂದ. ಮಗ ನಿಸ್ಸಿಂ ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಪರವಾಗಿ ವಿಮಾನದಲ್ಲಿ ಹೋರಾಡಿ 1917ರಲ್ಲಿ ಸತ್ತ. ತಂದೆ ಇಡೀ ಮನೆಯನ್ನೂ ಸಂಗ್ರಹವನ್ನೂ ಮಗನ ಹೆಸರಿನಲ್ಲಿ ಫ್ರಾನ್ಸಿಗೆ ಬರೆದುಕೊಟ್ಟು 1935ರಲ್ಲಿ ಕಣ್ಣು ಮುಚ್ಚಿದರು. ಮರುವರ್ಷ ಅದು ವಸ್ತುಸಂಗ್ರಹಾಲಯವಾಯಿತು. ಕೆಲವೇ ವರ್ಷಗಳಲ್ಲಿ ಫ್ರಾನ್ಸ್ ನಾಝಿಗಳ ವಶವಾಯಿತು. ಮೊಯೀಸ್‌ರ ಮಗಳು ಬೆಯಾಟ್ರಿಸ್, ಅವಳ ಗಂಡ, ಇಬ್ಬರು ಮಕ್ಕಳು ಆಶ್‌ವಿಟ್ಸ್‌ಗೆ ಸಾಗಿಸಲ್ಪಟ್ಟು ಅಲ್ಲೇ ಮುಗಿದರು. ವಸ್ತುಸಂಗ್ರಹಾಲಯ ಮಾತ್ರ ಉಳಿಯಿತು. ಆ ದೇಶ ಕಾಮಾಂಡೊರ ಪಿಂಗಾಣಿಯನ್ನು ಕಾಪಾಡಿತು, ಕಾಮಾಂಡೊರ ಮಗಳನ್ನು ಕಾಪಾಡಲಿಲ್ಲ.

ಇದು ಹೆಸರುಳ್ಳವರ ಕತೆ. ಹೆಸರಿಲ್ಲದವರ ಮನೆಗಳಿಗೆ ನಾಝಿಗಳು ಬೇರೆಯೇ ಯೋಜನೆ ಹಾಕಿದ್ದರು. ಪ್ಯಾರಿಸ್ ಒಂದರಲ್ಲೇ ಯಹೂದಿಗಳ ಸುಮಾರು 38,000 ಮನೆಗಳನ್ನು ಬರಿದು ಮಾಡಿ, ಮಂಚ, ಪಾತ್ರೆ, ಹಾಸಿಗೆ, ಗೊಂಬೆ, ಎಲ್ಲವನ್ನೂ ಸಾಗಿಸಿದರು. ದೊಡ್ಡ ಚಿತ್ರಕೃತಿಗಳ ಲೆಕ್ಕವನ್ನು ರೋಜ್ ವಾಲಾಂ ಎಂಬ ವಸ್ತುಸಂಗ್ರಹಾಲಯದ ನೌಕರಳು ಜೀವದ ಹಂಗು ತೊರೆದು ಗುಟ್ಟಾಗಿ ಬರೆದಿಟ್ಟಳು. ಅಡುಗೆಮನೆ, ಮಲಗುವ ಕೋಣೆಗಳ ಸಣ್ಣಪುಟ್ಟ ಸಾಮಾನಿಗೆ ಅಂಥ ಲೆಕ್ಕ ಇಟ್ಟವರು ಯಾರು? ಒಂದು ಹಿತ್ತಾಳೆ ಕಟ್ಟಿನ ಎನಾಮಲ್ ಪೆಟ್ಟಿಗೆಯಂತೂ ಜೇಬಿಗೆ ಇಳಿಯುವಷ್ಟು ಸಣ್ಣದು. ಇಂದು ಮಾರಾಟದ ಚೀಟಿಯಲ್ಲಿ 'ಖಾಸಗಿ ಸಂಗ್ರಹ, ಪ್ಯಾರಿಸ್' ಎಂದಷ್ಟೇ ಬರೆದಿದ್ದರೆ ಆ ಮೂರು ಪದಗಳ ಹಿಂದೆ ಏನೆಲ್ಲ ಇರಬಹುದು ಎಂದು ಯೋಚಿಸಿದಾಗ ಪೆಟ್ಟಿಗೆ ಹಿಡಿದ ಕೈ ನಡುಗಬೇಕು.

ಉರ್ದುವಿನ ಕತೆಗಾರ ಶಮೋಯಿಲ್ ಅಹ್ಮದ್ ಅವರ 'ಸಿಂಗಾರ್‌ದಾನ್' ಓದಿದವರಿಗೆ ಈ ನಡುಕ ಹೊಸದಲ್ಲ. ಕೋಮುಗಲಭೆಯ ದಿನ ಒಬ್ಬಾತ ನಸೀಂ ಜಾನ್ ಎಂಬ ತವಾಯಿಫಳ ವಂಶಪಾರಂಪರ್ಯದ ಸಿಂಗಾರದ ಪೆಟ್ಟಿಗೆಯನ್ನು ಲೂಟಿ ಮಾಡಿ ಮನೆಗೆ ತರುತ್ತಾನೆ. ಅದರ ಕನ್ನಡಿಯ ಮುಂದೆ ನಿಂತ ಹೆಂಡತಿ, ಹೆಣ್ಣುಮಕ್ಕಳ ನಡೆನುಡಿ ದಿನದಿಂದ ದಿನಕ್ಕೆ ಬದಲಾಗುತ್ತ ಹೋಗುತ್ತದೆ. ಲೂಟಿಯಾದ ಪೆಟ್ಟಿಗೆ ಖಾಲಿಯಾಗಿ ಬರುವುದಿಲ್ಲ, ಕಳೆದುಕೊಂಡವಳು ಅದರೊಳಗೆ ಕೂತೇ ಬರುತ್ತಾಳೆ.

ಸಂಗ್ರಾಹಕರು ಇದಕ್ಕೆ ಒಂದು ಉತ್ತರ ಕೊಡುತ್ತಾರೆ, ಅದು ಹಗುರವಾದದ್ದೂ ಅಲ್ಲ. "ನೂರಾರು ವರ್ಷ ಕೈಯಿಂದ ಕೈಗೆ ಬಂದ ವಸ್ತು ಇದು. ಎಲ್ಲ ಕೈಗಳ ಲೆಕ್ಕ ಎಲ್ಲಿಂದ ತರುವುದು? ನಾವು ಕೊಳ್ಳದಿದ್ದರೆ ಇದು ಗುಜರಿಗೆ ಹೋಗುತ್ತದೆ." ನಿಜ. ಆದರೆ ಇದೇ ಪ್ರಶ್ನೆಯನ್ನು ನಮ್ಮ ಧರ್ಮಶಾಸ್ತ್ರ ಬಹಳ ಹಿಂದೆಯೇ ಕೇಳಿಕೊಂಡಿದೆ. ದಾರಿಯಲ್ಲಿ ಸಿಕ್ಕ ಪರರ ವಸ್ತುವಿಗೆ ಫಿಕ್‌ಹ್‌ನಲ್ಲಿ 'ಲುಕತಾ' ಎನ್ನುತ್ತಾರೆ. ಬೆಲೆಬಾಳುವ ವಸ್ತು ಸಿಕ್ಕವರು ಅದು ಎಂಥ ಚೀಲದಲ್ಲಿತ್ತು, ಚೀಲದ ಬಾಯಿಗೆ ಎಂಥ ದಾರ ಕಟ್ಟಿತ್ತು ಎಂಬುದನ್ನು ಚೆನ್ನಾಗಿ ಗುರುತಿಟ್ಟುಕೊಳ್ಳಬೇಕು. ಒಂದು ವರ್ಷ ಸಾರಬೇಕು. ಗುರುತು ಸರಿಯಾಗಿ ಹೇಳಿದ ವಾರಸುದಾರರಿಗೆ ಒಪ್ಪಿಸಬೇಕು. ವರ್ಷ ಕಳೆದು ಬಳಸಿಕೊಂಡರೂ, ಒಡೆಯ ಬಂದು ಕೇಳಿದರೆ ಕೊಡುವ ಹೊಣೆ ತಪ್ಪುವುದಿಲ್ಲ ಎಂಬುದು ಹೆಚ್ಚಿನ ಫಕೀಹರ ಅಭಿಪ್ರಾಯ.

ಇಲ್ಲಿ ಚೀಲ, ದಾರಗಳ ಮಾತು ಏಕೆ ಬಂತು? ಒಳಗಿನ ನಾಣ್ಯ ಎಲ್ಲರದೂ ಒಂದೇ ಥರ. ಚೀಲ ಮಾತ್ರ ಅದರ ಒಡೆಯನಿಗೆ ಗೊತ್ತು. ಆದ್ದರಿಂದ ಚೀಲವೇ ಸಾಕ್ಷಿ. ಸಂಗ್ರಾಹಕ ಬಿಜಾಗರಿ, ಬೀಗ, ಅಸ್ತರು, ಬಿರುಕು ಎಂದು ಇಷ್ಟು ಕಷ್ಟಪಟ್ಟು ಕಲಿತದ್ದು ಇದೇ ವಿದ್ಯೆಯನ್ನಲ್ಲವೇ? ಕಳೆದುಕೊಂಡವರನ್ನು ಹುಡುಕಲು ಬೇಕಾದ ಜ್ಞಾನ ಅವನ ಬಳಿ ಇದೆ. ಅದನ್ನು ಬೆಲೆ ಕಟ್ಟಲು ಬಳಸಿ ಅಲ್ಲಿಗೇ ನಿಲ್ಲಿಸಿದ್ದಾನೆ, ಅಷ್ಟೇ.

ಈ ದಾರಿಯಲ್ಲಿ ಮುಂದೆ ನಡೆದವರೂ ಇದ್ದಾರೆ. 1998ರಲ್ಲಿ ವಾಷಿಂಗ್ಟನ್‌ನಲ್ಲಿ 44 ದೇಶಗಳು ನಾಝಿ ಲೂಟಿಯ ಕಲಾವಸ್ತುಗಳ ಬಗ್ಗೆ ಕೆಲವು ತತ್ವಗಳಿಗೆ ಒಪ್ಪಿದವು. 2019ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ತನ್ನಲ್ಲಿರುವ ಗಿಲ್ಬರ್ಟ್ ಸಂಗ್ರಹದ ವಸ್ತುಗಳನ್ನು ಹಿಂದಿನ ಯಹೂದಿ ಒಡೆಯರ ಕತೆಗಳೊಂದಿಗೆ ಪ್ರದರ್ಶಿಸಿತು. 2023ರಲ್ಲಿ ಫ್ರಾನ್ಸ್ ತನ್ನ ಸಾರ್ವಜನಿಕ ಸಂಗ್ರಹಗಳಲ್ಲಿರುವ ಅಂಥ ವಸ್ತುಗಳನ್ನು ಹಿಂದಿರುಗಿಸಲು ಕಾನೂನು ಮಾಡಿತು. ಆದರೆ ಇವೆಲ್ಲ ದೊಡ್ಡ ಮನೆಗಳ ಕೆಲಸ. ಹಳೆ ಸಾಮಾನಿನ ಸಂತೆಯಲ್ಲಿ, ಸಣ್ಣ ಹರಾಜಿನಲ್ಲಿ ಕೈ ಬದಲಿಸುವ ಪೆಟ್ಟಿಗೆಗೆ ಕೊಳ್ಳುವವರ ಮನಸ್ಸಾಕ್ಷಿಯ ಹೊರತು ಬೇರೆ ಕಾವಲಿಲ್ಲ. ಅವರು ಮಾರುವವನಲ್ಲಿ "1933ರಿಂದ 1945ರವರೆಗೆ ಇದು ಯಾರ ಮನೆಯಲ್ಲಿತ್ತು?" ಎಂದು ಕೇಳಬಹುದು. ಉತ್ತರ ಸಿಗದಿದ್ದರೆ ಕೊಳ್ಳದೆ ಬಿಡಬಹುದು. ಕೊಂಡಿದ್ದೇ ಆದರೆ ಒಳಗಿನ ಚೀಟಿ, ಹೆಸರಿನ ಮೊದಲಕ್ಷರ, ಅಂಗಡಿಯ ಮುದ್ರೆ ಯಾವುದನ್ನೂ ಅಳಿಸದೆ, ಹಳೆಯ ಅಸ್ತರು ಕಿತ್ತು ಹೊಸದು ಹಾಕದೆ, ಚಿತ್ರ ತೆಗೆದು ನಾಲ್ಕು ಜನ ನೋಡುವಲ್ಲಿ ಪ್ರಕಟಿಸಬಹುದು. ಲುಕತಾದ ಭಾಷೆಯಲ್ಲಿ ಹೇಳುವುದಾದರೆ ಅದೇ ಸಾರುವುದು.

ಉರ್ದುವಿನಲ್ಲಿ 'ಅಮಾನತ್' ಎಂದರೆ ನಂಬಿ ಒಪ್ಪಿಸಿದ ವಸ್ತು. ಇಟ್ಟುಕೊಂಡವನು ಅದರ ಒಡೆಯನಲ್ಲ, ಕಾವಲುಗಾರ. ಅದೇ ಪದ ಕನ್ನಡದ ಕಚೇರಿಗಳಿಗೆ ಬಂದು, ನೌಕರನನ್ನು ಕೆಲಸದಿಂದ ದೂರವಿಡುವ 'ಅಮಾನತು' ಆಗಿದೆ. ಹಳೆಯ ಪೆಟ್ಟಿಗೆಯನ್ನು ಮನೆಗೆ ತಂದವರಿಗೆ ಈ ಎರಡೂ ಅರ್ಥಗಳು ಸಲ್ಲುತ್ತವೆ ಎನಿಸುತ್ತದೆ. ಪೆಟ್ಟಿಗೆ ಅವರಲ್ಲಿ ಅಮಾನತ್. ಅದರ ಒಡೆತನ, ಹಿಂದಿನವರು ಯಾರೆಂದು ತಿಳಿಯುವವರೆಗೆ, ಅಮಾನತಿನಲ್ಲಿ.